ಜನವರಿಯಾಗ ಹೆಲ್ಸಿಂಕಿ: ನಾಲ್ಕಕ್ಕೇ ಕತ್ತಲಾದ್ರ ಅವ್ವನ್ನ ಕರ್ಕಂಡು ಎಲ್ಲಿಗೆ ಹೋಗ್ಲಿ?

ಕೋಟೆಗುಡ್ಡ_ಬಳ್ಳಾರಿ
ಎಲ್ಲರಿಗೂ ಶರಣು. ತೋರಣಗಲ್ಲು ಕಡೆ ಪ್ಲಾಂಟಿನಾಗ ಮೆಂಟೆನೆನ್ಸ್ ಕೆಲಸ ನಂದು. ಜನವರಿಯಾಗ ಹನ್ನೊಂದು ದಿನ ಟ್ರೇನಿಂಗಿಗೆ ಫಿನ್ಲೆಂಡಿನ ಹೆಲ್ಸಿಂಕಿಗೆ ಕಳಸಾಕ ಹತ್ಯಾರ. ಇಂಥ ಅವಕಾಶ ಮತ್ತೆ ಸಿಗಂಗಿಲ್ಲ ಅಂತ ನನ್ನ ಖರ್ಚಿನಾಗ ಹೆಂಡ್ತಿ, ಅವ್ವ ಇಬ್ರನ್ನೂ ಕರ್ಕಂಡು ಹೊಂಟೀನಿ. ಅವ್ವಗ 63. ಅಪ್ಪ ತೀರಿಕೊಂಡ ಮ್ಯಾಲೆ ಊರು ಬಿಟ್ಟು ಎಲ್ಲೂ ಹೋಗಿಲ್ಲ ಆಕಿ, ವಿಮಾನನೂ ಹತ್ತಿಲ್ಲ. ಅಪ್ಪಟ ಸಸ್ಯಾಹಾರಿ.

ನನ್ನ ಕ್ಲಾಸು ಮಧ್ಯಾಹ್ನ 3.30ಕ್ಕ ಮುಗಿತಾವ. ಅಲ್ಲಿ ಜನವರಿಯಾಗ ನಾಲ್ಕು ಗಂಟೆಗೆಲ್ಲ ಕತ್ತಲಂತ. ಹೊರಗ ಮಂಜು, ಚಳಿ. ಬಳ್ಳಾರ್ಯಾಗ 42 ಡಿಗ್ರಿ ಬಿಸಿಲು ಉಂಡು ಬೆಳೆದೋರು ನಾವು, 18 ಡಿಗ್ರಿ ಆದ್ರ ಅವ್ವ ಕಂಬಳಿ ಹುಡುಕ್ತಾಳ. ಹೋಟೆಲ್ ಕ್ವಾಣ್ಯಾಗ ಅವ್ರನ್ನ ಕೂಡಿಹಾಕಿ ನಾನು ಟ್ರೇನಿಂಗಿಗೆ ಹೋಗಾಕ ಮನಸ್ಸು ಒಪ್ಪವಲ್ದು. ಒಳಗ ಕೂತು ನೋಡೋ ಜಾಗ ಏನದಾವ? ರಾತ್ರಿ ಹೊತ್ತು ಏನು ಮಾಡ್ತಾರ ಆ ಊರಾಗ? ಹೋಗಿ ಬಂದೋರು ಹೇಳ್ರಿ.

ಭತ್ತದ_ಸೀಮೆ
ಜನವರಿಯಾಗ ವಯಸ್ಸಾದೋರನ್ನ ಅಲ್ಲಿಗೆ ಒಯ್ತೀರಾ? ಮೈನಸ್ 20 ಆಗ್ತದ. ಜೂನ್‌ಗೆ ಮುಂದೂಡ್ರಿ.

ಕೋಟೆಗುಡ್ಡ_ಬಳ್ಳಾರಿ
ಟ್ರೇನಿಂಗ್ ತಾರೀಕು ನನ್ನ ಕೈಯಾಗಿಲ್ಲಣ್ಣ.

ರಾಯಚೂರು_ಹುಡುಗಿ
ನಾನು ಅಲ್ಲೇ ಪಕ್ಕದ ಎಸ್ಪೋದಾಗ ಎರಡು ವರ್ಷ ಓದೀನಿ, ಎರಡು ಚಳಿಗಾಲ ಕಳೆದೀನಿ. ಮೈನಸ್ 20 ದಿನಾ ಬರೋದಿಲ್ಲ, ಕೆಲವು ದಿನ ಬರ್ತದ. ಹೆಲ್ಸಿಂಕಿ ಸಮುದ್ರದ ದಂಡಿ ಊರು. ಜನವರಿಯಾಗ ಸಾಮಾನ್ಯವಾಗಿ ಮೈನಸ್ 3, ಮೈನಸ್ 6, ಇಷ್ಟೇ ಇರ್ತದ. ಒಳಗಂತೂ ಎಲ್ಲಾ ಕಡೆ 20-22 ಡಿಗ್ರಿ. ನಮ್ಮ ರಾಯಚೂರಿನ ಡಿಸೆಂಬರ್ ಬೆಳಗಿನ ಜಾವ ನಮ್ಮ ಮನಿಯೊಳಗ ಇದಕ್ಕಿಂತ ಥಂಡಿ ಇರ್ತದ. ಚಳಿ ಬರೀ ಬಾಗಿಲಿಂದ ಬಾಗಿಲಿಗೆ ನಡಿಯೋವಾಗ ಮಾತ್ರ.

ಮೊದಲು ಹೋಗಬೇಕಾದ್ದು ಓದಿ. ಹೌದು, ಗ್ರಂಥಾಲಯದ ಹೆಸರೇ ‘ಓದಿ’. ಅವರ ಭಾಷೆಯಾಗ ಅದರ ಅರ್ಥ ಸ್ತುತಿಪದ್ಯ, ಆದ್ರ ನಾನು ಮೊದಲ ಸಲ ಬೋರ್ಡ್ ನೋಡಿದಾಗ ಯಾರೋ ನನಗೇ ಕನ್ನಡದಾಗ ‘ಓದಿ’ ಅಂದಂಗಾಯ್ತು. ರೈಲ್ವೆ ಸ್ಟೇಷನ್‌ನಿಂದ ಐದು ನಿಮಿಷದ ಹಾದಿ. ದೇಶಕ್ಕ ಸ್ವಾತಂತ್ರ್ಯ ಬಂದು 100 ವರ್ಷ ಆಗಿದ್ದರ ನೆನಪಿಗೆ ಕಟ್ಟಿ, 2018ರ ಡಿಸೆಂಬರ್‌ನಾಗ ತೆರೆದ್ರು. ಟಿಕೆಟ್ ಇಲ್ಲ, ಕಾರ್ಡ್ ಕೇಳೋದಿಲ್ಲ, ‘ಯಾಕೆ ಬಂದಿ’ ಅಂತ ಯಾರೂ ಕೇಳೋದಿಲ್ಲ. ಮೂರನೇ ಮಹಡಿಯಾಗ ಲಕ್ಷ ಪುಸ್ತಕ, ಗಾಜಿನ ಗೋಡೆ, ಒಳಗೇ ಗಿಡ, ಅತ್ತಿತ್ತ ಏರು ಇಳಿಜಾರಿನ ಕಟ್ಟಿಗಿ ನೆಲ. ಸಣ್ಣ ಮಕ್ಕಳು ಅಲ್ಲೇ ಅಂಬೆಗಾಲಿಡ್ತಿರ್ತಾವ. ಎದುರಿಗೇ ಪಾರ್ಲಿಮೆಂಟ್. ವಾರದ ದಿನ ರಾತ್ರಿ 9ರ ತನಕ ತೆರೆದಿರ್ತದ. ಅಮ್ಮನ್ನ ಅಲ್ಲಿ ಕೂಡಿಸಿ ನೀವು ನಿಶ್ಚಿಂತೆಯಿಂದ ಕ್ಲಾಸಿಗೆ ಹೋಗ್ರಿ.

ಜೀನ್ಸ್_ಗಲ್ಲಿ
ಬಳ್ಳಾರಿಯವನೇ ನಾನೂ, ಹೊಲಿಗಿ ಕೆಲಸ. ಒಂದು ಮಾತು ಕೇಳ್ರಿ: ನಮ್ಮೂರ ಜೀನ್ಸ್ ಅಲ್ಲಿ ಹೊರಗ ಹಾಕ್ಕೋಬ್ಯಾಡ್ರಿ. ನಮ್ಮ ಮಾಲಿಗೆ ನಾನೇ ಬ್ಯಾಡ ಅನ್ನಾಕ ಹತ್ತೀನಿ ಅಂದ್ರ ತಿಳಕೋರಿ. ಡೆನಿಮ್ ಅಂದ್ರ ಹತ್ತಿ, ನೀರು ಕುಡಿತೈತಿ. ನನ್ನ ತಮ್ಮ ನಾರ್ವೆಗೆ ಹೋದಾಗ ಪ್ಯಾಂಟಿನ ಕೆಳಗಿನ ಮಡಿಕೆಗೆ ಮಂಜು ಹತ್ತಿ, ಒಳಗ ಬಂದಾಗ ಕರಗಿ ಒದ್ದಿ ಆತಂತ. ಮತ್ತೆ ಹೊರಗ ಹೋದ ಹತ್ತು ನಿಮಿಷಕ್ಕ ಅದೇ ಮಡಿಕೆ ತಗಡಿನಂಗ ಬಿಗಿದು ಹಿಮ್ಮಡಿಗೆ ಬಡಿಯಾಕ ಹತ್ತಿತಂತ. ಹಾಕ್ಕೊಂಡ್ರ ಒಳಗ ಉಣ್ಣಿ ಥರ್ಮಲ್ ಬೇಕು, ಕಾಲು ಸಡ್ಲ ಇರೋ ಪ್ಯಾಂಟ್ ಬೇಕು. ಬಿಗಿ ಪ್ಯಾಂಟಾದ್ರ ಗಾಳಿ ನಿಲ್ಲಾಕ ಜಾಗ ಇರಂಗಿಲ್ಲ, ಚಳಿ ತೊಡೀಗೇ ಬರ್ತೈತಿ.

ರಾಯಚೂರು_ಹುಡುಗಿ
@ಜೀನ್ಸ್_ಗಲ್ಲಿ ನೂರಕ್ಕೆ ನೂರು ಖರೆ. ನಿಮಗಂತಲೇ ಒಂದು ಸುದ್ದಿ: ಓದಿಯ ಎರಡನೇ ಮಹಡಿಯಾಗ ಹೊಲಿಗಿ ಮೆಷಿನ್ ಅದಾವ. ಯಾರು ಬೇಕಾದ್ರೂ ಸಮಯ ಗೊತ್ತು ಮಾಡ್ಕೊಂಡು ಹೊಲೀಬಹುದು. 3ಡಿ ಪ್ರಿಂಟರ್, ಹಾಡು ರೆಕಾರ್ಡ್ ಮಾಡೋ ಕೋಣಿನೂ ಅದಾವ. ನನ್ನ ಕೋಟಿನ ಅಸ್ತರ ಹರಿದಿತ್ತು, ಅಲ್ಲೇ ಕೂತು ಹೊಲ್ಕೊಂಡೆ. ಬಾಜೂಕ ಒಬ್ಬ ಮುದುಕ ಟೆಂಟಿನ ಬಟ್ಟಿ ಹೊಲೀಲಿಕ್ಕೆ ಹತ್ತಿದ್ದ. ನನ್ನ ಬಾಬಿನ್ ಸಿಕ್ಕೊಂಡಾಗ ಒಂದು ಮಾತೂ ಆಡದೆ ಎದ್ದು ಬಂದು ಬಿಡಿಸಿಕೊಟ್ಟು ಹೋದ.

ಜೀನ್ಸ್_ಗಲ್ಲಿ
ಗ್ರಂಥಾಲಯದಾಗ ಹೊಲಿಗಿ ಮೆಷಿನ್!! ನಮ್ಮ ಗಲ್ಲಿಯಾಗ ಬಾಡಿಗಿ ಮೆಷಿನ್ ಮ್ಯಾಲೆ ಎಷ್ಟು ಹೆಣ್ಮಕ್ಕಳು ದುಡೀತಾರ. ಇದು ನಮ್ಮ ಜಿಲ್ಲಾ ಗ್ರಂಥಾಲಯದಾಗೂ ಬರಬೇಕು, ಬಂದೇ ಬರಬೇಕು.

ಹೊಸಪೇಟೆ_ಹುಡುಗ
ಗ್ರಂಥಾಲಯ ಎಲ್ಲಾ ಸರಿ. ರಾತ್ರಿ ಬಗ್ಗೆ ಕೇಳ್ಯಾರ ಅಣ್ಣ. ಪಬ್ಬು, ಡ್ಯಾನ್ಸು, ಮ್ಯೂಸಿಕ್ಕು? ಅದನ್ನ ಯಾರೂ ಹೇಳವಲ್ರಿ.

ಶರಣರ_ಹಾದಿ
ಅವ್ವನ ಜೊತಿಗೆ ಹೊಂಟೋರಿಗೆ ಪಬ್ಬು ಯಾಕೆ ಬೇಕು? ಕೇಳಿದ್ದೇನು, ನೀ ಹೇಳೋದೇನು?

ಹೊಸಪೇಟೆ_ಹುಡುಗ
ಗಂಡ ಹೆಂಡ್ತಿ ಒಂದು ರಾತ್ರಿ ಹೊರಗ ಹೋದ್ರ ತಪ್ಪೇನು? ಅವ್ವ ಒಂಬತ್ತಕ್ಕ ಮಲಗ್ತಾರ. ರಾತ್ರಿ ಜೀವನ ಅಂದ್ರ ಕುಡಿಯೋದು ಒಂದೇ ಅಂತ ನೀವೇ ಅನ್ಕೊಂಡೀರಿ.

ಬಂದರು_ಬದುಕು
ನಾನು ಮರ್ಚೆಂಟ್ ನೇವಿಯವ, ಊರು ಸಿಂಧನೂರು. ಹೆಲ್ಸಿಂಕಿ ಬಂದರಿಗೆ ಹಲವು ಸಲ ಹೋಗೀನಿ. ಇಬ್ಬರಿಗೂ ಉತ್ತರ ಕೊಡ್ತೀನಿ.

ಕಲ್ಲಿಯೋ ಅಂತ ಒಂದು ಬಡಾವಣಿ ಅದ. ಮೊದಲು ಕೂಲಿಕಾರರ ಕೇರಿ, ಈಗ ಸಣ್ಣ ಸಣ್ಣ ಬಾರು, ಕೆಫೆ, ಲೈವ್ ಹಾಡು. ಬಾರುಗಳು ಬೆಳಗಿನ ಜಾವ 4ರ ತನಕನೂ ನಡಿತಾವ. ಒಂದು ಬಿಯರಿಗೆ 7ರಿಂದ 9 ಯೂರೋ ಹಿಡ್ಕೋರಿ. ಕುಡಿಯೋರೂ ಕುಡಿಯದೋರೂ ಅಲ್ಲಿ ಕೂಡೋದು ‘ಕರಿಯೋಕೆ’ಗೆ, ಅಂದ್ರ ರೆಕಾರ್ಡ್ ಮಾಡಿದ ಸಂಗೀತಕ್ಕ ಮೈಕ್ ಹಿಡಿದು ಹಾಡೋದಕ್ಕ. ಫಿನ್ನರು ಟ್ರಾಮಿನಾಗ ಪಕ್ಕದೋರ ಜೊತಿ ಒಂದು ಮಾತಾಡೋದಿಲ್ಲ, ಮೈಕ್ ಕೈಗೆ ಬಂತಂದ್ರ ಕಣ್ಣು ಮುಚ್ಚಿ ಎದಿ ಬಿಚ್ಚಿ ಹಾಡ್ತಾರ. ಸುಮಾರು ಹಾಡಿದ್ರೂ ಎಲ್ಲರೂ ಚಪ್ಪಾಳಿ ಹೊಡಿತಾರ. ನಾನು ಒಂದು ಗ್ಲಾಸ್ ಕಿತ್ತಳೆ ರಸ ಹಿಡ್ಕೊಂಡು ಮೂರು ತಾಸು ಕೂತೀನಿ, ಯಾರೂ ಎಬ್ಬಿಸಲಿಲ್ಲ.

ಒಳಗ ಹೋಗೋವಾಗ ಕೋಟು ಇಡೋ ಜಾಗ ಇರ್ತದ, ನರಿಕ್ಕ ಅಂತಾರ. ಕೆಲವು ಕಡೆ ದುಡ್ಡು ಕೊಡಬೇಕು, ಬಿಲ್ಲೆ ಕೊಡ್ತಾರ. ಆ ಬಿಲ್ಲೆ ಕಳಕೊಂಡು ಒಂದ್ಸಲ ನಾನು ಬಾರು ಮುಚ್ಚೋ ತನಕ ಕಾದೆ. ಎಲ್ಲರೂ ಹೋಗಿ ಕಡೀಗೆ ಗೂಟದ ಮ್ಯಾಲೆ ಉಳಿದದ್ದು ನಂದು ಅಂತ ಕೊಟ್ರು. ಕೋಟು ಇಲ್ದೆ ಹೊರಗ ಕಾಲಿಡೋ ಹಂಗೇ ಇಲ್ಲ, ಬಿಲ್ಲೆ ಜೋಪಾನ.

ಅಂಗಡಿಯಾಗ ಬಿಯರ್ ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಅಷ್ಟೇ. ಅದಕ್ಕಿಂತ ಗಟ್ಟಿ ಮಾಲು ಸರಕಾರಿ ಅಂಗಡಿಯಾಗ ಮಾತ್ರ, ಅದು ಭಾನುವಾರ ಬಂದ್. ಟ್ರಾಮು ತಪ್ಪಿದ್ರ ರಾತ್ರಿ ಬಸ್ಸು ಅದಾವ, ನಂಬರಿನ ಕಡೀಗೆ ‘ಎನ್’ ಅಂತ ಇರ್ತದ.

ಪದಜೋಳಿಗೆ_ಕೊಪ್ಪಳ
ಕಲ್ಲಿಯೋ!! ಅದರ ಅರ್ಥ ನೋಡಿದೆ: ಬಂಡೆ. ನಮ್ಮ ‘ಕಲ್ಲು’! ಫಿನ್ನಿಷೂ ಕನ್ನಡವೂ ಒಂದೇ ಬೇರಿನವು ಅನ್ನೋಕೆ ಇನ್ನೇನು ಪುರಾವೆ ಬೇಕು?

ರಾಯಚೂರು_ಹುಡುಗಿ
ಒಂದು ಪದ ಕೂಡಿದ್ರ ಬೇರು ಒಂದಾಗೋದಿಲ್ಲ. ಫಿನ್ನಿಷ್ ಉರಾಲಿಕ್ ಕುಟುಂಬದ್ದು, ಕನ್ನಡ ದ್ರಾವಿಡ. ಬಿಡಿ ಕಲ್ಲಿಗೆ ಅವರು ಏನಂತಾರ ಗೊತ್ತದೇನು? ‘ಕಿವಿ’. ಹಂಗಾದ್ರ ನಮ್ಮ ಕಿವಿ ಕಲ್ಲಾಯ್ತಾ?

ಪದಜೋಳಿಗೆ_ಕೊಪ್ಪಳ
ಸರಿ, ಬೇರು ಬಿಡ್ತೀನಿ. ಆದ್ರೆ ಪದಕ್ಕೆ ಬಾಲ ಹಚ್ಚೋ ರೀತಿ? ‘ತಾಲೋ’ ಮನೆ, ‘ತಾಲೋಸ್ಸಾ’ ಮನೆಯಲ್ಲಿ, ‘ತಾಲೋಸ್ತಾ’ ಮನೆಯಿಂದ. ನಮ್ಮ ವಿಭಕ್ತಿ ಹಾಗೇ ಅಲ್ವಾ?

ರಾಯಚೂರು_ಹುಡುಗಿ
ಅದು ಖರೆ. ಅವರಿಗೆ 15 ವಿಭಕ್ತಿ. ಕನ್ನಡ ಬಲ್ಲವರಿಗೆ ಆ ಪದ್ಧತಿ ಬಲು ಬೇಗ ತಲಿಗೆ ಹತ್ತತದ, ನನಗೂ ಹಂಗೇ ಆಯ್ತು. ಜಪಾನಿ, ಟರ್ಕಿ ಭಾಷೆಗೂ ಹಂಗೇ ಬಾಲ ಅದಾವ, ಅವೂ ನೆಂಟರಲ್ಲ.

ಗ್ರಾನೈಟ್_ಕುಷ್ಟಗಿ
ಕಲ್ಲಿನ ಮಾತು ಬಂತಲ್ಲ, ನಾ ಸುಮ್ನಿರಾಕಾಗಂಗಿಲ್ಲ. ಕ್ವಾರಿ ಕೆಲಸದವ ನಾನು. ಟೆಂಪೆಲಿಯೌಕಿಯೋ ಚರ್ಚ್ ಬಿಡಬ್ಯಾಡ್ರಿ. ಊರ ನಡುವಿನ ಬಂಡೆ ಕೊರೆದು ಒಳಗ ಚರ್ಚ್ ಮಾಡ್ಯಾರ, 1969ರಾಗ ಮುಗೀತು. ತಿಮೊ ಮತ್ತ ತುವೊಮೊ ಸುವೊಮಲೈನೆನ್ ಅಂತ ಅಣ್ಣತಮ್ಮಂದಿರು ನಕ್ಷೆ ಹಾಕಿದ್ದು. ಗೋಡಿಗೆ ಗಿಲಾವ್ ಮಾಡಿಲ್ಲ, ಕೊರೆದ ಕಲ್ಲು ಹಂಗೇ ಬಿಟ್ಟಾರ. ಬಂಡೆ ಸಿಡಿಸೋ ಮದ್ದು ತುಂಬಾಕ ಕೊರೆದ ಡ್ರಿಲ್ ಗೆರಿ ಉದ್ದಕ್ಕ ಕಾಣ್ತಾವ. ನಾನು 2019ರಾಗ ಕಲ್ಲಿನ ಮೇಳಕ್ಕ ಯುರೋಪಿಗೆ ಹೋದಾಗ ನೋಡಿ ಬಂದೆ, ಆ ಗೆರಿ ಮ್ಯಾಲೆ ಬಟ್ಟು ಇಟ್ಟು ಸವರಿದೆ. ನಮ್ಮ ಕ್ವಾರಿಯಾಗ ಅದನ್ನ ಪಾಲಿಶ್ ಹೊಡೆದು ಅಳಿಸ್ತೀವಿ, ಅವರು ಅದನ್ನ ದೇವರ ಮುಂದ ಇಟ್ಟಾರ. ಮ್ಯಾಲೆ ತಾಮ್ರದ ಗುಮ್ಮಟ, 24 ಮೀಟರ್ ಅಗಲ. ಗುಮ್ಮಟದ ಸುತ್ತ ಗಾಜು, ಬೆಳಕು ಅಲ್ಲಿಂದ ಇಳೀತೈತಿ. ಕಲ್ಲಿನ ಗೋಡಿಗೆ ದನಿ ಚಂದ ಬರ್ತೈತಿ ಅಂತ ಅಲ್ಲಿ ಕಚೇರಿನೂ ಮಾಡ್ತಾರ. ಪ್ರಾರ್ಥನಿ ಹೊತ್ತಿನಾಗ ಬಿಡಂಗಿಲ್ಲ, ಹಗಲು ಹೋಗ್ರಿ. ಟಿಕೆಟ್ ಐತಿ.

ಅವರ ಬಂಡೆ ಸುಮಾರು 180-190 ಕೋಟಿ ವರ್ಷದ್ದು. ನಮ್ಮ ಕೊಪ್ಪಳ, ಬಳ್ಳಾರಿ ಕಡೆ ಹಾದು ಹೋಗೋ ಕ್ಲೋಸ್‌ಪೇಟ್ ಗ್ರಾನೈಟ್ 250 ಕೋಟಿ. ಹಿರಿಯರು ನಾವೇ.

ಕೋಟೆಗುಡ್ಡ_ಬಳ್ಳಾರಿ
ಗ್ರಾನೈಟ್ ಅಣ್ಣ, ಇದನ್ನ ಅವ್ವಗ ಓದಿ ಹೇಳಿದೆ. ‘ಬಂಡೆಯೊಳಗ ದೇವ್ರು ಅಂದ್ರ ನಮ್ಮ ಗುಡ್ಡದಂಗ ಐತಿ ಬಿಡು’ ಅಂದ್ಲು. ಮೊದಲ ಸಲ ಆಕಿ ಬಾಯಾಗ ‘ಹೋಗೂಣು’ ಬಂತು.

ಊಟದ ಗತಿ ಏನು?

ರಾಯಚೂರು_ಹುಡುಗಿ
ತೊಂದ್ರಿ ಇಲ್ಲ. ವಾರದ ದಿನ ಮಧ್ಯಾಹ್ನ ಎಲ್ಲಾ ಕಡೆ ‘ಲೌನಾಸ್’ ಅಂತ ಬೋರ್ಡ್ ಇರ್ತದ, ಬಫೆ ಊಟ, ಕಾಳು ಪಲ್ಯ ಬ್ರೆಡ್ಡು ಇದ್ದೇ ಇರ್ತಾವ. ಸುಮಾರು ಎರಡಕ್ಕ ಮುಗೀತದ, ಹೊತ್ತು ಮೀರಬ್ಯಾಡ್ರಿ. ಹೆಲ್ಸಿಂಕಿಯಾಗ ನೇಪಾಳಿ ಹೋಟೆಲ್ ಬಹಳ ಅದಾವ, ಬ್ಯಾಳಿ ಅನ್ನ ಸಿಗ್ತದ. ನಲ್ಲಿ ನೀರು ಧೈರ್ಯವಾಗಿ ಕುಡೀರಿ. 1889ರ ಹಳೇ ಮಾರ್ಕೆಟ್ ಹಾಲ್ ಸಮುದ್ರದ ದಂಡ್ಯಾಗ ಅದ, ಮೀನಿನ ವಾಸನಿ ಅಮ್ಮಗ ಹಿಡಿಸದಿದ್ರ ಒಳಗ ಬ್ಯಾಡ. ಫೆಬ್ರವರಿ 5 ಅವರ ಕವಿ ರುನೆಬರ್ಗ್ ಹುಟ್ಟಿದ ದಿನ, ಜನವರಿಯಾಗೇ ಬೇಕರಿಯಾಗ ಆತನ ಹೆಸರಿನ ಸಣ್ಣ ಕೇಕ್ ಬರ್ತಾವ. ತತ್ತಿ ಇರ್ತದ, ಅಮ್ಮಗ ಕೇಳಿ ಕೊಡ್ರಿ.

ಕಡಕ್_ರೊಟ್ಟಿ
ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಳ್ರಿ. ತುಪ್ಪ, ಪೇಡೆ ಒಯ್ಯಬ್ಯಾಡ್ರಿ! ಯುರೋಪಿನ ಒಕ್ಕೂಟದೊಳಗ ಹೊರಗಿನ ಹಾಲಿನ ಪದಾರ್ಥ, ಮಾಂಸ ಬಿಡಂಗಿಲ್ಲ. ನಮ್ಮತ್ತಿ ಕೊಟ್ಟ ಎರಡು ಕಿಲೋ ತುಪ್ಪ ಏರ್‌ಪೋರ್ಟಿನ ಡಬ್ಬಿಗೆ ಹೋತು. ಆಕಿ ಕಾಸಿದ ತುಪ್ಪ ಅದು, ಇವತ್ತಿಗೂ ಹೊಟ್ಟಿ ಉರೀತೈತಿ.

ಗವಿಮಠದ_ಭಕ್ತ
ಜನವರಿ ಅಂದ್ರ ನಮ್ಮ ಗವಿಸಿದ್ಧೇಶ್ವರ ಜಾತ್ರಿ! ಅವ್ವನೋರು ಜಾತ್ರಿ ತಪ್ಪಿಸ್ಕೋತಾರಲ್ಲ. ದಾಸೋಹದಾಗ ಲಕ್ಷಗಟ್ಟಲೆ ಮಿರ್ಚಿ ಕರೀತಾರ, ಆ ಸಾಲು ಸಾಲು ಬಾಣಲಿ ನೋಡಾಕ ಎರಡು ಕಣ್ಣು ಸಾಲಂಗಿಲ್ಲ.

ಕೋಟೆಗುಡ್ಡ_ಬಳ್ಳಾರಿ
ಜಾತ್ರಿ ಮುಗಿಸಿಕೊಂಡೇ ಹೊಂಟೀವಣ್ಣ, ತೇರು ಎಳೆದ ಮ್ಯಾಲೆ ವಿಮಾನ.

ಬಂದರು_ಬದುಕು
ಎಲ್ಲರೂ ಸೌನಾ ಬಿಟ್ಟೇ ಮಾತಾಡ್ತೀರಿ. ಸೌನಾ ಅಂದ್ರ ಕಾದ ಕಲ್ಲಿನ ಮ್ಯಾಲೆ ನೀರು ಹಾಕಿ, ಹಬೆಯಾಗ ಕೂತು ಬೆವರೋ ಬಿಸಿ ಕೋಣಿ. ಆ ದೇಶದಾಗ 55 ಲಕ್ಷ ಚಿಲ್ಲರೆ ಜನ, ಸುಮಾರು 30 ಲಕ್ಷ ಸೌನಾ. 2020ರಾಗ ಯುನೆಸ್ಕೋ ಪಟ್ಟಿಗೂ ಸೇರ್ಯದ. ಕಲ್ಲಿಯೋದಾಗ ಕೋತಿಹರ್ಯು ಅಂತ 1928ರ ಸೌನಾ ಅದ, ಇವತ್ತಿಗೂ ಕಟ್ಟಿಗಿ ಒಟ್ಟಿ ಕಾಯಿಸ್ತಾರ. ಗಂಡಸರಿಗೆ ಬ್ಯಾರೆ, ಹೆಂಗಸರಿಗೆ ಬ್ಯಾರೆ. ಚಳಿಗಾಲದಾಗ ಜನ ಒಳಗ ಬೆವತು, ಟವಲ್ ಸುತ್ಕೊಂಡು ಹೊರಗ ಬೀದಿ ಬಾಜೂಕ ಕೂಡ್ತಾರ, ಭುಜದ ಮ್ಯಾಲಿಂದ ಹಬೆ ಏಳ್ತಿರ್ತದ.

ಶರಣರ_ಹಾದಿ
ಅಲ್ಲಿ ಬಟ್ಟೆ ಇಲ್ಲದೆ ಕೂಡ್ತಾರಂತ. ಅವ್ವನ್ನ ಅಂಥಲ್ಲಿಗೆ ಕರ್ಕೊಂಡು ಹೋಗು ಅಂತೀರಾ? ಇದು ನನಗೆ ಒಪ್ಪಿಗೆ ಇಲ್ಲ.

ರಾಯಚೂರು_ಹುಡುಗಿ
ಒಪ್ಪಿಗೆ ಕೊಡೋರು ಅವರಮ್ಮ, ನೀವಲ್ಲ. ಹೆಂಗಸರ ಸೌನಾದಾಗ ಬರೀ ಹೆಂಗಸರೇ ಇರ್ತಾರ, ಟವಲ್ ಸುತ್ಕೊಂಡು ಕೂತ್ರ ಯಾರೂ ಏನೂ ಅನ್ನೋದಿಲ್ಲ. ಸಂಕೋಚ ಇದ್ರ ಲೋಯ್ಲು ಅನ್ನೋ ಸೌನಾಕ್ಕ ಹೋಗ್ರಿ, ಸಮುದ್ರದ ದಂಡ್ಯಾಗ 2016ರಾಗ ಕಟ್ಟಿದ್ದು. ಗಂಡು ಹೆಣ್ಣು ಕೂಡೇ ಕೂಡ್ತಾರ, ಹಂಗಾಗಿ ಈಜು ಬಟ್ಟಿ ಕಡ್ಡಾಯ. ಅದೂ ಬ್ಯಾಡ ಅಂದ್ರ ಬಹಳಷ್ಟು ಹೋಟೆಲ್‌ನಾಗೇ ಸಣ್ಣ ಸೌನಾ ಇರ್ತದ.

ಇನ್ನೊಂದು ಕೇಳ್ರಿ. ಹಿಂದಿನ ಕಾಲದಾಗ ಅಲ್ಲಿಯ ಹೆಣ್ಮಕ್ಕಳು ಹಡೀತಿದ್ದದ್ದೇ ಸೌನಾದಾಗ. ಆಗ ಬೆಚ್ಚಗಿನ, ಬಿಸಿನೀರು ಕೈಗೆ ಸಿಗೋ, ಸ್ವಚ್ಛ ಜಾಗ ಅದೊಂದೇ ಇತ್ತು. ತೀರಿಕೊಂಡೋರ ಮೈ ತೊಳೀತಿದ್ದದ್ದೂ ಅಲ್ಲೇ. ಅದು ಮೋಜಿನ ಜಾಗ ಅಂತ ತಿಳ್ಕೋಬ್ಯಾಡ್ರಿ, ಅಲ್ಲಿ ದನಿ ಏರಿಸಿ ಮಾತಾಡಿದ್ರ ಹಿರಿಯರು ಸುಮ್ನಿರಿ ಅಂತಾರ.

ಶರಣರ_ಹಾದಿ
ಇದು ನನಗೆ ಗೊತ್ತಿರಲಿಲ್ಲ ತಂಗಿ. ನನ್ನ ಮಾತು ಹಿಂದಕ್ಕ ತಗೋತೀನಿ. ಬಿಪಿ ಇದ್ರ ಡಾಕ್ಟರನ್ನ ಕೇಳಿ ಹೋಗ್ರಿ ಅಷ್ಟೇ.

ಸಂಗೀತ_ಸಿರಿಗುಪ್ಪ
ಪಾರ್ಲಿಮೆಂಟಿನ ಹತ್ರನೇ ಮುಸಿಕ್ಕಿತಾಲೋ ಅನ್ನೋ ಸಂಗೀತ ಭವನ ಐತಿ, 2011ರದ್ದು. ಸಿಬೇಲಿಯಸ್ ಅಕಾಡೆಮಿ ಅನ್ನೋ ಸಂಗೀತ ಶಾಲಿ ವಿದ್ಯಾರ್ಥಿಗಳ ಕಚೇರಿ ಅಲ್ಲಿ ಆಗ್ತಾವ, ಎಷ್ಟೋ ಪುಕ್ಕಟೆ. ಸಂಜಿ ಹೊತ್ತಿಗೆ ಅವ್ವಗ ಇದಕ್ಕಿಂತ ಚಲೋ ಜಾಗ ಇಲ್ಲ. ಸೆನೆಟ್ ಚೌಕದ ಹತ್ರ ಊರಿನ ಸಿಟಿ ಮ್ಯೂಸಿಯಂ, ಅದೂ ಪುಕ್ಕಟೆ.

ಬಂದರು_ಬದುಕು
ಅಮೋಸ್ ರೆಕ್ಸ್ ಅಂತ ನೆಲದೊಳಗಿನ ಚಿತ್ರ ಮ್ಯೂಸಿಯಂನೂ ಸೇರಿಸ್ರಿ. ಮಂಗಳವಾರ ಬಂದ್. ಅತೆನೆಯುಮ್, ಕಿಯಾಸ್ಮಾ ಅನ್ನೋ ಚಿತ್ರ ಮ್ಯೂಸಿಯಂಗಳು ಸೋಮವಾರ ಬಂದ್. ದಿನ ನೋಡಿ ಹೊಂದಿಸ್ರಿ.

ಕೋಟೆಗುಡ್ಡ_ಬಳ್ಳಾರಿ
(ವಾಪಸ್ ಬಂದ ಮ್ಯಾಲೆ)
ಹೋದ ಬುಧವಾರ ಬಂದ್ವಿ. ನಿಮ್ಮೆಲ್ಲರಿಗೂ ಹೇಳಲೇಬೇಕು ಅಂತ ಬರೆಯಾಕ ಹತ್ತೀನಿ.

ಮೊದಲ ಎರಡು ದಿನ ಮೈನಸ್ 14. ಅವ್ವ ಹೋಟೆಲ್ ಬಿಟ್ಟು ಕದಲಲಿಲ್ಲ. ಕಿಟಕ್ಯಾಗ ಕೂತು ಕತ್ತಲ ನೋಡ್ತಿದ್ಲು, ‘ಇಲ್ಲಿ ಸೂರ್ಯಪ್ಪಗ ಏನಾಗೈತಿ’ ಅಂತ ಕೇಳಿದ್ಲು. ನನಗ ಕರ್ಕಂಡು ಬಂದು ತಪ್ಪು ಮಾಡಿದೆ ಅನಿಸ್ತು. ಮೂರನೇ ದಿನ ಹೆಂಡ್ತಿ ಗಟ್ಟಿ ಮನಸ್ಸು ಮಾಡಿ ಟ್ರಾಮ್ ಹತ್ತಿಸಿ ಓದಿಗೆ ಕರ್ಕಂಡು ಹೋದ್ಲು. ನಾನು ಕ್ಲಾಸ್ ಮುಗಿಸಿ ಹೋಗಿ ನೋಡಿದ್ರ ಅವ್ವ ಮೂರನೇ ಮಹಡ್ಯಾಗ ಕೋಟು ಬಿಚ್ಚಿಟ್ಟು, ಕಾಲು ಚಾಚಿ ಕೂತಾಳ, ಬಾಜೂಕ ಯಾರದೋ ಕೂಸು ಆಕಿ ಸೀರಿ ಸೆರಗು ಹಿಡ್ಕಂಡೈತಿ, ಕೂಸಿನ ತಾಯಿ ನಗಾಕ ಹತ್ಯಾಳ. ಒಬ್ಬರ ಭಾಷೆ ಒಬ್ಬರಿಗೆ ಬರಂಗಿಲ್ಲ. ಆಮ್ಯಾಲೆ ದಿನಾ ಅಲ್ಲಿಗೇ. ‘ನಮ್ಮ ಕಟ್ಟೆಗೆ ಹೋಗಿ ಬರ್ತೀನಿ’ ಅಂತಿದ್ಲು.

ಬಂಡೆ ಚರ್ಚಿನಾಗ ಡ್ರಿಲ್ ಗೆರಿ ನೋಡಿದ್ವಿ. ಅವ್ವ ಚಪ್ಪಲಿ ಬಿಡಾಕ ಹೋದ್ಲು, ಬ್ಯಾಡ ಅಂತ ಹೇಳಿದ್ವಿ.

ಸೌನಾ ಹೋಟೆಲ್ಲಿಂದೇ. ಅತ್ತಿ ಸೊಸಿ ಇಬ್ರೇ ಹೋದ್ರು, ಡಾಕ್ಟರನ್ನ ಮೊದಲೇ ಕೇಳಿದ್ದೆ, ಕೆಳಗಿನ ಹಲಗಿ ಮ್ಯಾಲೆ ಐದೇ ನಿಮಿಷ. ಹೆಂಡ್ತಿ ಕಲ್ಲಿನ ಮ್ಯಾಲೆ ಸವಟಿಲೆ ನೀರು ಹಾಕಿದ್ಲಂತ, ಚುಂಯ್ ಅಂತ ಹಬೆ ಎದ್ದು ಮಕಕ್ಕ ಬಂತಂತ. ಅವ್ವ ಹೊರಗ ಬಂದು ನನಗ ಹೇಳಿದ್ದು: ‘ಇದು ನಮ್ಮ ಬಿಸಿಲಲ್ಲೋ. ಬಾಣಂತಿ ಕ್ವಾಣಿ ಬಿಸಿ ಇದು. ನಿನ್ನ ಹಡೆದಾಗ ನಮ್ಮವ್ವ ಹಿಂಗೇ ನೀರು ಹಾಕ್ತಿದ್ಲು.’ ಅಲ್ಲಿ ಹೆಣ್ಮಕ್ಕಳು ಸೌನಾದಾಗೇ ಹಡೀತಿದ್ರು ಅಂತ ಆಗ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು ‘ಮತ್ತೆ? ಇನ್ನೆಲ್ಲಿ ಹಡೀತಾರ ಈ ಥಂಡ್ಯಾಗ’ ಅಂದ್ಲು. ಆಮ್ಯಾಲೆ ನಾಲ್ಕು ಸಲ ಹೋದ್ಲು.

ಒಂದು ರಾತ್ರಿ ಅವ್ವ ಮಲಗಿದ ಮ್ಯಾಲೆ ನಾವಿಬ್ರೂ ಕಲ್ಲಿಯೋಕ್ಕ ಹೋಗಿದ್ವಿ. ಹೆಂಡ್ತಿ ಮೈಕ್ ಹಿಡಿದು ಒಂದು ಸೋಬಾನೆ ಪದ ಹಾಡಿದ್ಲು, ಸಂಗೀತ ಇಲ್ದೆ ಬರೀ ಬಾಯಿಲೆ. ಬಾರು ಪೂರ್ತಿ ಸುಮ್ಮನಾತು. ಬಂದರು ಅಣ್ಣ, ಬಿಲ್ಲೆ ಜೋಪಾನ ಇಟ್ಟಿದ್ದೆ.

ಜೀನ್ಸ್_ಗಲ್ಲಿ
ಹೊಲಿಗಿ ಮೆಷಿನ್ ನೋಡಿದ್ರಿ ಇಲ್ಲೋ?

ಕೋಟೆಗುಡ್ಡ_ಬಳ್ಳಾರಿ
ನೋಡಿದ್ವಿ. ಹೆಂಡ್ತಿ ನನ್ನ ಪ್ಯಾಂಟಿನ ಅಂಚು ಅಲ್ಲೇ ಮಡಚಿ ಹೊಲಿದ್ಲು. ಫೋಟೊ ಕಳಸ್ತೀನಿ, ಗ್ರಂಥಾಲಯದೋರಿಗೆ ತೋರಿಸ್ರಿ.

ಭತ್ತದ_ಸೀಮೆ
ಬ್ಯಾಡ ಅಂದಿದ್ದೆ ನಾನೇ. ಈಗ ನನ್ನ ಮಗಳು ಮುಂದಿನ ತಿಂಗಳು ಅದೇ ಊರಿಗೆ ಓದಾಕ ಹೊಂಟಾಳ, ನಾನೂ ಬಿಟ್ಟು ಬರಾಕ ಹೋಗ್ಬೇಕು. ಬೂಟು ಎಲ್ಲಿ ತಗೊಂಡ್ರಿ?

ಕೋಟೆಗುಡ್ಡ_ಬಳ್ಳಾರಿ
ಕೊಳ್ಳಬ್ಯಾಡ್ರಿ. ನಂದು 9ನೇ ಸೈಜು, ಅವ್ವಂದು 5. ಇಲ್ಲಿ ಇಟ್ಕಂಡು ಏನ್ಮಾಡ್ಲಿ, ಬಳ್ಳಾರಿಗೆ ಬಂದಾಗ ಮನಿಗೆ ಬಂದು ಒಯ್ರಿ. ಅವ್ವ ಹೇಳಾಕ ಹತ್ಯಾಳ: ಒಳಗ ಎರಡು ಜೋಡಿ ಸಾಕ್ಸ್ ಹಾಕ್ಬ್ಯಾಡ್ರಿ, ಒಂದೇ ದಪ್ಪಂದು ಹಾಕ್ರಿ, ಬೆರಳು ಆಡಬೇಕಂತ.